ಅಡಕಲ ಗಡಿಗಿ, ಗೋಳಗುಮ್ಮಟ ಮತ್ತು ಮೂರು ಸ್ವಿಚ್ಚುಗಳು

ಸ್ವಿಚ್ ಅಂದರೆ ನಮ್ಮ ಕಡೆ ಗೋಡೆ ಮೇಲಿನ ದೀಪದ ಗುಂಡಿ. ನೆಟ್‌ವರ್ಕ್ ಸ್ವಿಚ್ ಅಂದರೆ? ಹೆಚ್ಚಿನವರ ಮಟ್ಟಿಗೆ ಅದು 'ಹಸಿರು ಲೈಟ್ ಮಿಣಮಿಣ ಅನ್ನೋ ಡಬ್ಬಿ'. ಆಫೀಸಿನಲ್ಲಿ ಎಲ್ಲಿರುತ್ತೆ ಅಂತಲೂ ಯಾರಿಗೂ ಗೊತ್ತಿರುವುದಿಲ್ಲ. ಮೇಜಿನ ಕೆಳಗೋ, ಬೀರುವಿನ ಹಿಂದೋ, ಜಾಡಿನ ನಡುವೆಯೋ ತನ್ನ ಪಾಡಿಗೆ ಇರುತ್ತದೆ. ಅದು ಕೆಟ್ಟ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತದೆ.

ಸಿನಿಮಾ, ಪುಸ್ತಕ, ಅಮ್ಮನ ಶೇಂಗಾ ಹೋಳಿಗೆ ಎಲ್ಲದರ ಬಗ್ಗೆ ಇಲ್ಲಿ ಬರೆದಾಯಿತು. ಈ ಸಲ ಡಬ್ಬಿಗಳ ಬಗ್ಗೆ. ಬೋರಾದರೆ ಬೈಯಬೇಡಿ, ನಡುವೆ ಗೋಳಗುಮ್ಮಟವೂ ಬರುತ್ತೆ :-)

ನಾನು ಸಾಫ್ಟ್‌ವೇರ್ ಇಂಜಿನಿಯರ್. ಬೆಂಗಳೂರಿನಲ್ಲಿ ಇದರ ಅರ್ಥ ಒಂದು, ವಿಜಯಪುರದ ಜೋರಾಪುರ ಪೇಟೆಯಲ್ಲಿ ಇನ್ನೊಂದು. ನಮ್ಮ ಓಣಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಮೊಬೈಲ್ ಹ್ಯಾಂಗ್ ಆದರೆ ನೋಡಬೇಕು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಬಿಡಿಸಬೇಕು, ಟಿವಿ ರಿಮೋಟು ಕೂಡ ಅವಳದೇ ಜವಾಬ್ದಾರಿ. ಪುಣ್ಯಕ್ಕೆ ನನ್ನ ಮೊದಲ ಕೆಲಸ ನೆಟ್‌ವರ್ಕ್ ಉಪಕರಣಗಳ ಸಾಫ್ಟ್‌ವೇರ್ ಪರೀಕ್ಷಿಸುವ ತಂಡದಲ್ಲಿತ್ತು. ಎರಡು ವರ್ಷ ಹಗಲೂ ರಾತ್ರಿ ಇದೇ ಡಬ್ಬಿಗಳ ಜೊತೆ ಸಂಸಾರ ಮಾಡಿದ್ದೆ. ಹಾಗಾಗಿ ಬೇಸಿಗೆಯಲ್ಲಿ ಊರಿಂದಲೇ ಕೆಲಸ ಮಾಡುತ್ತ ಕೂತಿದ್ದಾಗ ಪಕ್ಕದ ರಸ್ತೆಯ ಪತ್ತಿನ ಸಹಕಾರಿ ಸಂಘದ ಮ್ಯಾನೇಜರ್ ಕಾಕಾ ಮನೆಗೇ ಬಂದು ಕರೆದರು. ಇಲ್ಲ ಅನ್ನಲು ಆಗಲಿಲ್ಲ. (ಸಂಘದ ಹೆಸರು ಬೇಡ. ಅಲ್ಲಿ ಅಪ್ಪನ ಖಾತೆ ಇದೆ!)

"ತಂಗಿ, ನಿನಗ ಇದು ತಿಳೀತೈತೇನು ನೋಡವಾ. ನಟ್ಟ ಗದ್ದಲದಾಗ ಬಂದ್ ಬೀಳತೈತಿ. ಮಂದಿ ನಮ್ಮ ಮ್ಯಾಲ ಒದರಾಡ್ತಾರ."

ಪತ್ತಿನ ಸಂಘ ಅಂದರೆ ನಮ್ಮ ಕಡೆ ಸಣ್ಣ ವಿಷಯ ಅಲ್ಲ. ಸಹಕಾರ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದಲ್ಲಿ ಅದೇ ಮೊದಲು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರುಮಾಡಿದ ಪಿಗ್ಮಿ ಇವತ್ತಿಗೂ ನಮ್ಮ ಪೇಟೆಯ ಕಿರಾಣಿ ಅಂಗಡಿ, ಚಹಾದಂಗಡಿಗಳ ಉಸಿರು. ದೊಡ್ಡ ಬ್ಯಾಂಕಿನ ಗಾಜಿನ ಬಾಗಿಲು ನೂಕಲು ಹಿಂಜರಿಯುವ ಮಂದಿ ಈ ಸಂಘದ ಕಟ್ಟೆ ಮೇಲೆ ಧೈರ್ಯವಾಗಿ ಕೂರುತ್ತಾರೆ. ತಿಕೋಟಾ, ಬಬಲೇಶ್ವರ ಕಡೆಯಿಂದ ದ್ರಾಕ್ಷಿ ಬೆಳೆದವರು, ದ್ರಾಕ್ಷಿ ತೋಟಕ್ಕೆ ಕೂಲಿ ಹೋಗುವವರು ಇಬ್ಬರೂ ಬರುತ್ತಾರೆ. ಫೆಬ್ರುವರಿಯಿಂದ ಏಪ್ರಿಲ್ ತನಕ ದ್ರಾಕ್ಷಿ ಕೊಯ್ಲು, ಶೆಡ್ಡುಗಳಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡುವ ಕೆಲಸ. ಆಗ ರೊಕ್ಕ ಓಡಾಡುವ ಕಾಲ. ಸಂಘದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಅಂಥ ದಿನವೇ ನೆಟ್‌ವರ್ಕ್ ಮಲಗುತ್ತಿತ್ತು. ಕ್ಯಾಷ್ ಕೌಂಟರಿನ ಪರದೆ ನಿಂತುಬಿಡುವುದು. ಪಾಸ್‌ಬುಕ್ ಪ್ರಿಂಟರ್ ಅರ್ಧ ಸಾಲು ಹೊಡೆದು ಸುಮ್ಮನಾಗುವುದು. ಆಮೇಲೆ ನಮಗೆಲ್ಲ ಬಾಯಿಪಾಠ ಆಗಿರುವ ಆ ಮಾತು, "ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ."

ನಾನು ಹೋದ ದಿನವೇ ಒಬ್ಬ ಅಜ್ಜಿ ಕೌಂಟರಿನ ಮುಂದೆ ನಿಂತಿದ್ದಳು. ಬಬಲೇಶ್ವರದ ಕಡೆಯ ಹಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಟಿಕೇಟಿನ ಚಿಂತೆ ತಪ್ಪಿತ್ತು ನಿಜ, ಆದರೆ ಆ ದಿನದ ಕೂಲಿ? ಅದನ್ನು ಯಾರು ಕೊಡುತ್ತಾರೆ? ಅವಳು ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿಯದೆ ಕೇಳಿದಳು: "ಯಪ್ಪಾ, ನನ್ನ ರೊಕ್ಕ ನನಗ ಕೊಡಾಕ ಆ ಡಬ್ಬೀನ ಕೇಳಬೇಕೇನು?"

ಉತ್ತರ ಯಾರ ಹತ್ತಿರವೂ ಇರಲಿಲ್ಲ. ಹೌದಜ್ಜಿ, ಕೇಳಬೇಕು. ಅದೇ ಸಮಸ್ಯೆ.

ಇನ್ನೊಂದು ಸಂಗತಿ ಇತ್ತು. ಸಂಘದ ವೈರಿಂಗ್ ಕೆಲಸ ಮಾಡಿದ್ದು ನಮ್ಮೂರಿನ ಒಬ್ಬ ಹುಡುಗ. ಐಟಿಐ ಮುಗಿಸಿ ಸಿಸಿಟಿವಿ, ಡಿಶ್, ನೆಟ್ ಕೇಬಲ್ ಎಲ್ಲ ಮಾಡುತ್ತಾನೆ. ನೆಟ್‌ವರ್ಕ್ ಬೀಳುವುದಕ್ಕೆ ಅವನು ಹಾಕಿದ 'ಡೂಪ್ಲಿಕೇಟ್ ಕೇಬಲ್' ಕಾರಣ ಅಂತ ಸಂಘದಲ್ಲಿ ತೀರ್ಮಾನ ಆಗಿಬಿಟ್ಟಿತ್ತು. ಅವನ ಬಿಲ್ಲು ನಾಲ್ಕು ತಿಂಗಳಿಂದ ತಡೆದಿದ್ದರು. ಪೇಟೆಯಲ್ಲಿ ಮಾತು ಹರಡಿ ಇನ್ನೆರಡು ಅಂಗಡಿಯವರೂ ಅವನನ್ನು ಕರೆಯುವುದು ಬಿಟ್ಟಿದ್ದರು. ಅಂದರೆ ನಾನು ಹುಡುಕಬೇಕಾಗಿದ್ದು ಬರೀ ದೋಷವನ್ನಲ್ಲ. ಒಬ್ಬನ ಹೊಟ್ಟೆಪಾಡೂ ಅದಕ್ಕೆ ಗಂಟು ಬಿದ್ದಿತ್ತು.

"ಅಕ್ಕಾರ, ಕೇಬಲ್ ನಾನ ಎಳದೇನ್ರಿ. ಡೂಪ್ಲಿಕೇಟ್ ಹಾಕಿಲ್ರಿ. ಬೇಕಾದ್ರ ಕೆತ್ತಿ ನೋಡ್ರಿ" ಅಂದ.

ಕೆತ್ತಿ ನೋಡಿದೆವು. ಇದು ಎಲ್ಲರಿಗೂ ಉಪಯೋಗ ಆಗುವ ಮಾತು, ಗುರುತು ಹಾಕಿಕೊಳ್ಳಿ. ಮಾರುಕಟ್ಟೆಯಲ್ಲಿ ಅಗ್ಗದ ನೆಟ್‌ವರ್ಕ್ ಕೇಬಲ್ ಸಿಗುತ್ತದೆ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ನೋಡಲು ಒಂದೇ ಥರ. ಬ್ಲೇಡಿನಿಂದ ತಂತಿಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಹಗುರವೂ ಇರುತ್ತದೆ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ಹುಡುಗ ಹಾಕಿದ್ದು ಕೆರೆದಷ್ಟೂ ಕೆಂಪು. ಅಪ್ಪಟ ತಾಮ್ರ. ಅವನ ತುದಿ ಕಟ್ಟುವ ಕೆಲಸವೂ ನೋಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು... ಎಂಟೂ ತಂತಿ ಸಾಲಾಗಿ, ಹೆಣಿಗೆ ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚದೆ. ಜೋಡಿ ತಂತಿಗಳ ಹೆಣಿಗೆ ಇರುವುದೇ ಪಕ್ಕದ ಜೋಡಿಯ ಗಲಾಟೆ ಇದಕ್ಕೆ ತಾಗದಿರಲಿ ಅಂತ. ತುದಿಯಲ್ಲಿ ಸಲೀಸಾಗಲಿ ಅಂತ ಉದ್ದಕ್ಕೆ ಬಿಚ್ಚಿಬಿಟ್ಟರೆ ಆ ಉಪಯೋಗವೇ ಹೋಯಿತು. ಬೆಂಗಳೂರಿನ ದೊಡ್ಡ ಆಫೀಸುಗಳಲ್ಲೂ ಇಷ್ಟು ಚಂದದ ಕೆಲಸ ನಾನು ನೋಡಿದ್ದು ಕಡಿಮೆ.

ಹಾಗಾದರೆ ದೋಷ ಎಲ್ಲಿ?

ಕಟ್ಟಡ ನೆಲಮಹಡಿ ಸೇರಿ ಮೂರು ಅಂತಸ್ತು. ಮೊದಲು ಬರೀ ಕೆಳಗೆ ನಾಲ್ಕು ಕಂಪ್ಯೂಟರ್ ಇದ್ದವಂತೆ, ಒಂದು ಎಂಟು ಬಾಯಿಯ ಪುಟ್ಟ ಸ್ವಿಚ್ ಸಾಕಾಗಿತ್ತು. ಆಮೇಲೆ ಸಾಲದ ವಿಭಾಗ ಬಂತು, ಅದರ ತುದಿಗೆ ಇನ್ನೊಂದು ಪುಟ್ಟ ಸ್ವಿಚ್. ಮೇಲೆ ಲೆಕ್ಕಪತ್ರ ಹೋಯಿತು, ಅಲ್ಲೊಂದು. ಸಭಾಭವನಕ್ಕೊಂದು. ಕ್ಯಾಮೆರಾ ಬಂದವು, ಅದಕ್ಕೊಂದು. ಹೀಗೆ ಒಂದರ ಬಾಲಕ್ಕೆ ಒಂದು ಕಟ್ಟುತ್ತ ಕಟ್ಟುತ್ತ ಏಳು ಡಬ್ಬಿ ಆಗಿದ್ದವು. ನಡುವಿನ ಯಾವುದೋ ಒಂದರ ಅಡಾಪ್ಟರ್ ಸಡಿಲಾದರೆ ಅದರಾಚೆ ಇರುವವರೆಲ್ಲ ಕತ್ತಲೆಗೆ. ಇದು ಯಾರೊಬ್ಬರ ತಪ್ಪೂ ಅಲ್ಲ. ನಮ್ಮೂರ ಮನೆಗಳು ಬೆಳೆಯುವುದೇ ಹೀಗೆ. ಮಗನ ಮದುವೆಗೊಂದು ಖೋಲಿ, ಮೊಮ್ಮಗನಿಗೊಂದು ಖೋಲಿ...

ಈಗ ಸ್ವಲ್ಪ ಪಾಠ. ಸ್ವಿಚ್ ಏನು ಮಾಡುತ್ತದೆ ಅಂದರೆ ತನ್ನ ಯಾವ ಬಾಯಿಯಲ್ಲಿ ಯಾವ ಯಂತ್ರ ಇದೆ ಅಂತ ನೆನಪಿಟ್ಟುಕೊಂಡು, ಬಂದ ಸಂದೇಶವನ್ನು ಆ ಬಾಯಿಗೆ ಮಾತ್ರ ಕಳಿಸುತ್ತದೆ. ಆದರೆ ಕೆಲವು ಸಂದೇಶ ಎಲ್ಲರಿಗೂ ಕೂಗಿ ಹೇಳುವಂಥವು. "ಈ ಐಪಿ ನಂಬರು ಯಾರದ್ರಪಾ?" ಅಂತ ಒಂದು ಕಂಪ್ಯೂಟರ್ ಕೇಳಿದರೆ ಸ್ವಿಚ್ ಅದನ್ನು ಎಲ್ಲ ಬಾಯಿಗಳಿಂದಲೂ ಕೂಗುತ್ತದೆ. ಇದಕ್ಕೆ ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ದಾರಿ ನೇರ ಇರುವವರೆಗೆ ತೊಂದರೆ ಇಲ್ಲ. ದಾರಿಯಲ್ಲಿ ಎಲ್ಲೋ ಒಂದು ಸುತ್ತು, ಅಂದರೆ ಲೂಪ್, ಆಗಿಬಿಟ್ಟರೆ?

ಗೋಳಗುಮ್ಮಟ ನೆನಪಿಸಿಕೊಳ್ಳಿ. ಮಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲಿನ ಆ ಗ್ಯಾಲರಿಯಲ್ಲಿ ನಿಂತು 'ಓ' ಅಂದರೆ ಏಳು ಸಲ ತಿರುಗಿ ಬರುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಪ್ರವಾಸಕ್ಕೆ ಬಂದ ನಾಲ್ಕು ಶಾಲೆಯ ಮಕ್ಕಳು ಒಟ್ಟಿಗೆ ಕೂಗಿದರಂತೂ ಪಕ್ಕದವರ ಮಾತೂ ಕೇಳುವುದಿಲ್ಲ. ಆದರೂ ಪ್ರತಿಧ್ವನಿ ಸಣ್ಣದಾಗುತ್ತ ಆಗುತ್ತ ಸಾಯುತ್ತದೆ. ಈಥರ್‌ನೆಟ್ ಲೂಪಿನಲ್ಲಿ ಸಾಯುವುದೇ ಇಲ್ಲ! ಐಪಿ ಪ್ಯಾಕೆಟ್ಟಿಗೆ 'ಇಷ್ಟು ಮನೆ ದಾಟಿದರೆ ನಿನ್ನ ಆಯುಸ್ಸು ಮುಗಿಯಿತು' ಅಂತ ಒಂದು ಲೆಕ್ಕ ಬರೆದಿರುತ್ತದೆ. ಈಥರ್‌ನೆಟ್ಟಿನ ಫ್ರೇಮಿಗೆ ಆ ಲೆಕ್ಕ ಇಲ್ಲ. ಒಂದು ಕೂಗು ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಮರಿ ಹಾಕುತ್ತದೆ. ಕೆಲವೇ ಸೆಕೆಂಡಿನಲ್ಲಿ ಇಡೀ ತಂತಿ ಅದರಿಂದಲೇ ತುಂಬಿಹೋಗುತ್ತದೆ. ಆಗ ಸ್ವಿಚ್ಚಿನ ಎಲ್ಲ ಲೈಟುಗಳೂ ಒಟ್ಟಿಗೆ, ಒಂದೇ ತಾಳದಲ್ಲಿ ಹುಚ್ಚು ಹಿಡಿದ ಹಾಗೆ ಮಿಟುಕುತ್ತವೆ. ನಿಮ್ಮ ಆಫೀಸಿನಲ್ಲಿ ಹಾಗೆ ಕಂಡರೆ ಬೇರೆ ಏನೂ ಯೋಚಿಸಬೇಡಿ, ಮೊದಲು ಲೂಪ್ ಹುಡುಕಿ.

ಇದು ಬರೀ ಜೋರಾಪುರ ಪೇಟೆಯ ಕಷ್ಟ ಅಂದುಕೊಳ್ಳಬೇಡಿ. ಅಮೆರಿಕದ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ 2002ರ ನವೆಂಬರ್ 13ರಂದು ನೆಟ್‌ವರ್ಕ್ ಬಿದ್ದು ಸರಿಸುಮಾರು ನಾಲ್ಕು ದಿನ ಏಳಲಿಲ್ಲ. ಡಾಕ್ಟರುಗಳು ಮತ್ತೆ ಕಾಗದ, ಪೆನ್ನು ಹಿಡಿದರು, ರಿಪೋರ್ಟುಗಳನ್ನು ಜನ ಕೈಯಲ್ಲಿ ಹಿಡಿದು ಓಡಾಡಿದರು. ಕಾರಣ? ಅಲ್ಲಿನ ನೆಟ್‌ವರ್ಕೂ ವರ್ಷಗಳ ಕಾಲ ತುಂಡಿಗೆ ತುಂಡು ಸೇರಿಸುತ್ತ ಬೆಳೆದಿತ್ತು. ಲೂಪ್ ಆಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಅನ್ನುವ ವಿಧಾನವನ್ನು ರಾಡಿಯಾ ಪರ್ಲ್‌ಮನ್ ಎಂಬಾಕೆ 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದಾಗ ಕಂಡುಹಿಡಿದರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸುತ್ತು ಆಗುವ ದಾರಿಯನ್ನು ತಾವೇ ಮುಚ್ಚಿಬಿಡುತ್ತವೆ. ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ ದಾಟದಿರಲಿ ಅಂತ ಅದರ ನಿಯಮ. ಆ ಆಸ್ಪತ್ರೆ ಅದನ್ನು ಮೀರಿತ್ತು. ಅಲ್ಲಿನ ಐಟಿ ಮುಖ್ಯಸ್ಥ ಜಾನ್ ಹಲಾಮ್ಕಾ ಈ ಕಥೆಯನ್ನು ಮುಚ್ಚಿಡದೆ ಎಲ್ಲರ ಮುಂದಿಟ್ಟರು. ಇವತ್ತಿಗೂ ನೆಟ್‌ವರ್ಕಿನವರು ಅದನ್ನು ಪಾಠದ ಹಾಗೆ ಓದುತ್ತಾರೆ.

ನಮ್ಮ ಸಂಘದ ಏಳು ಡಬ್ಬಿಗಳು ಅಗ್ಗದವು. ಅವುಗಳಿಗೆ ಸ್ಪ್ಯಾನಿಂಗ್ ಟ್ರೀಯ ಹೆಸರೂ ಗೊತ್ತಿಲ್ಲ. ಲಾಗ್ ಕೂಡ ಇಡುವುದಿಲ್ಲ. ಸಾಕ್ಷಿ ಹೇಳದ ಸಾಕ್ಷಿಗಳು! ಅದಕ್ಕೇ ಹುಡುಗನ ಮೇಲೆ ಹಾಕಿದ ಆರೋಪವನ್ನು ಸುಳ್ಳು ಅಂತ ತೋರಿಸುವುದೂ ಕಷ್ಟವಾಗಿತ್ತು.

ನನಗೆ ಒಂದೇ ಪ್ರಶ್ನೆ ಕಾಡುತ್ತಿತ್ತು. ಗದ್ದಲದ ದಿನವೇ ಯಾಕೆ? ಮಂದಿ ಜಾಸ್ತಿ ಆದರೆ 'ಲೋಡ್' ಆಗುತ್ತೆ ಅಂತ ಕಾಕಾನ ವಾದ. ಆದರೆ ಕೌಂಟರಿನ ಮುಂದೆ ಹತ್ತು ಜನ ನಿಂತರೂ ನೂರು ಜನ ನಿಂತರೂ ಕಂಪ್ಯೂಟರ್ ಅಷ್ಟೇ, ಗುಮಾಸ್ತರೂ ಅಷ್ಟೇ. ತಂತಿಗೆ ಮಂದಿಯ ಭಾರ ಬೀಳುವುದಿಲ್ಲ. ಹುಡುಗ ಮತ್ತು ನಾನು ಕೂತು ನೆಟ್‌ವರ್ಕ್ ಬಿದ್ದ ದಿನಗಳ ಪಟ್ಟಿ ಮಾಡಿದೆವು. ಒಣದ್ರಾಕ್ಷಿ ರೊಕ್ಕದ ದಿನಗಳು, ಆಡಳಿತ ಮಂಡಳಿಯ ಸಭೆಯ ದಿನಗಳು, ವಾರ್ಷಿಕ ಸಭೆಯ ದಿನ. ಸಭೆಯ ದಿನ ಗಿರಾಕಿಗಳ ಗದ್ದಲ ಇರುವುದಿಲ್ಲವಲ್ಲ? ಹಾಗಿದ್ದರೆ ಇವಕ್ಕೆಲ್ಲ ಸಾಮಾನ್ಯ ಯಾವುದು?

ಕಸ ಗುಡಿಸುವ ಅವ್ವ ಕೇಳಿಸಿಕೊಂಡು ಹೇಳಿದಳು, "ಆ ದಿನ ಮ್ಯಾಲಿನ ಹಾಲ್ ತಗೀತಾರಲ್ರಿ. ಮಂದಿಗೆ ಕುಂದ್ರಾಕ."

ಓಡಿದೆವು ಮೇಲಕ್ಕೆ. ಸಭಾಭವನದ ಮೂಲೆಯ ಮೇಜಿನ ಕೆಳಗೆ ಒಂದು ಪುಟ್ಟ ಸ್ವಿಚ್. ಅದರ ಕರೆಂಟು ಹಾಲಿನ ಫ್ಯಾನು, ದೀಪದ ಬೋರ್ಡಿನಿಂದಲೇ. ಹಾಲ್ ತೆರೆಯದ ದಿನ ಮೇನ್ ಗುಂಡಿ ಆರಿಸಿರುತ್ತಾರೆ, ಆ ಸ್ವಿಚ್ಚೂ ಮಲಗಿರುತ್ತದೆ. ಮತ್ತು ಅದರಲ್ಲಿ ಒಂದು ಮೀಟರಿನ ಕೇಬಲ್, ಎರಡೂ ತುದಿ ಅದೇ ಸ್ವಿಚ್ಚಿಗೆ ಚುಚ್ಚಿಕೊಂಡಿತ್ತು. ಹಾವು ತನ್ನ ಬಾಲ ತಾನೇ ಕಚ್ಚಿದ ಹಾಗೆ. ಯಾವಾಗಲೋ ಯಾರೋ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದ ಮೇಲೆ ಕೇಬಲ್ ತೂಗಾಡುತ್ತಿತ್ತು, ಇನ್ಯಾರೋ ಒಳ್ಳೆಯ ಮನಸ್ಸಿನಿಂದ ಅದರ ತುದಿಯನ್ನು ಖಾಲಿ ಇದ್ದ ಬಾಯಿಗೆ ಸಿಕ್ಕಿಸಿದ್ದಾರೆ. ಅಷ್ಟೇ.

ಮಂದಿ ಬಂದರು, ಕೂರಲಿ ಅಂತ ಹಾಲ್ ತೆಗೆದರು, ಫ್ಯಾನಿಗೆ ಗುಂಡಿ ಒತ್ತಿದರು, ಸಂಘದ ನೆಟ್‌ವರ್ಕ್ ಕೆಳಗೆ ಬಿತ್ತು. ಮಂದಿಗೆ ಗಾಳಿ ಬರಲಿ ಅಂತ ಮಾಡಿದ ಕೆಲಸವೇ ಮಂದಿಯ ರೊಕ್ಕ ನಿಲ್ಲಿಸುತ್ತಿತ್ತು.

ಕಾಕಾನನ್ನು ಕರೆದು ತೋರಿಸಿದೆವು. ಹುಡುಗನ ಕೈಯಿಂದಲೇ ಗುಂಡಿ ಒತ್ತಿಸಿದೆ. ಅರೆಗಳಿಗೆಯಲ್ಲಿ ಕೆಳಗಿನಿಂದ ಕ್ಯಾಷಿಯರ್ ಕೂಗು, "ಸರಾ, ಮತ್ತ ಹೋತ್ರಿ!" ಗುಂಡಿ ಆರಿಸಿದ, ಬಂತು. ಕೇಬಲ್ ಕಿತ್ತು ಮತ್ತೆ ಗುಂಡಿ ಒತ್ತಿದ, ಏನೂ ಆಗಲಿಲ್ಲ. ಕಾಕಾ ಸ್ವಲ್ಪ ಹೊತ್ತು ಆ ಮೀಟರ್ ಕೇಬಲ್ಲನ್ನೇ ನೋಡುತ್ತ ನಿಂತರು. ಆಮೇಲೆ ಹುಡುಗನ ಕಡೆ ತಿರುಗಿ, "ನಾಳೆ ಬಿಲ್ ತಗೊಂಡ ಬಾರೋ ತಮ್ಮಾ" ಅಂದರು. ಕ್ಷಮೆ ಅನ್ನುವ ಶಬ್ದ ನಮ್ಮ ಹಿರಿಯರ ಬಾಯಲ್ಲಿ ಬರುವುದು ಕಡಿಮೆ. ಆ ಧ್ವನಿಯಲ್ಲಿ ಅದು ಇತ್ತು ಅಂದುಕೊಂಡಿದ್ದೇನೆ.

ಕೇಬಲ್ ಕಿತ್ತರೆ ಕಥೆ ಮುಗಿಯಲಿಲ್ಲ. ಮತ್ತೊಬ್ಬ ಒಳ್ಳೆಯ ಮನಸ್ಸಿನವನು ಮತ್ತೊಂದು ದಿನ ಬಂದೇ ಬರುತ್ತಾನೆ. ಏಳು ಡಬ್ಬಿ ತೆಗೆದು ಸರಿಯಾಗಿ ಮಾಡೋಣ ಅಂದೆ. ಆಡಳಿತ ಮಂಡಳಿಯಲ್ಲಿ ಚರ್ಚೆ. 24 ಬಾಯಿಯ, ಸ್ಟ್ಯಾಕ್ ಆಗುವ ಮೂರು ಸ್ವಿಚ್ಚು ಅಂದರೆ ಒಂದು ಒಳ್ಳೆಯ ಬೈಕಿಗಿಂತ ಹೆಚ್ಚು ದುಡ್ಡು. ಒಬ್ಬ ಸದಸ್ಯರು ಕೇಳಿದ ಪ್ರಶ್ನೆ ಸರಿಯಾಗಿತ್ತು: ಸಾದಾ ಸ್ವಿಚ್ಚು ಮೂರು ತಂದು ತಂತಿಯಿಂದ ಜೋಡಿಸಿದರೆ ಆಗುವುದಿಲ್ಲವೇ?

ಆಗುತ್ತದೆ. ಸಣ್ಣ ಆಫೀಸಿಗೆ ಅದೇ ಸಾಕು ಅಂತಲೂ ಹೇಳಿದೆ. ಸ್ಟ್ಯಾಕ್ ಬೇಕಾಗುವುದು ಯಾವಾಗ ಅಂದರೆ, ಒಂದು ಡಬ್ಬಿ ಸತ್ತರೂ ಕೌಂಟರ್ ನಿಲ್ಲಬಾರದು ಅನ್ನುವ ಕಡೆ, ಮತ್ತು ನೋಡಿಕೊಳ್ಳಲು ಪೂರ್ತಿ ಸಮಯದ ಮನುಷ್ಯ ಇಲ್ಲದ ಕಡೆ. ಸಂಘದಲ್ಲಿ ಎರಡೂ ಇತ್ತು. ಅಜ್ಜಿಯ ಮಾತನ್ನು ಕಾಕಾ ಸಭೆಯಲ್ಲಿ ಹೇಳಿದರಂತೆ. ಒಪ್ಪಿಗೆ ಸಿಕ್ಕಿತು.

ಸ್ಟ್ಯಾಕ್ ಅಂದರೆ ಏನು ಅಂತ ಹುಡುಗನಿಗೆ ವಿವರಿಸುತ್ತಿದ್ದೆ. ಒಂದರ ಮೇಲೊಂದು ಸ್ವಿಚ್ ಇಟ್ಟು, ಹಿಂದೆ ವಿಶೇಷ ಕೇಬಲ್ ಜೋಡಿಸಿದರೆ ಮೂರೂ ಸೇರಿ ಒಂದೇ ಸ್ವಿಚ್ ಆಗುತ್ತವೆ. ಒಂದೇ ಐಪಿ, ಒಂದೇ ಪಾಸ್‌ವರ್ಡ್, 72 ಬಾಯಿ. ಅವನು ಥಟ್ಟನೆ, "ಅಡಕಲ ಗಡಿಗಿ ಇದ್ದಂಗ್ರಿ" ಅಂದ. ಅಬ್ಬಾ, ಎಂಥ ಶಬ್ದ! ಹಳೆಯ ಅಡುಗೆಮನೆಗಳಲ್ಲಿ ಮೂಲೆಗೆ ಒಂದರ ಮೇಲೊಂದು ಗಡಿಗೆ ಪೇರಿಸಿಡುತ್ತಿದ್ದರಲ್ಲ, ಅದು ಅಡಕಲು. ಸ್ಟ್ಯಾಕ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗಂತೂ ಸಿಕ್ಕಿಲ್ಲ. ಒಂದೇ ವ್ಯತ್ಯಾಸ. ಅಡಕಲಿನ ಕೆಳಗಿನ ಗಡಿಗೆ ಎಳೆದರೆ ಮೇಲಿನವೆಲ್ಲ ಉರುಳುತ್ತವೆ. ಈ ಅಡಕಲಿನಲ್ಲಿ ಯಾವುದನ್ನು ಎಳೆದರೂ ಉಳಿದವು ನಿಲ್ಲುತ್ತವೆ.

ಹೇಗೆ ಅಂದರೆ, ಕೇಬಲ್ಲು ಸುತ್ತಾಗಿ ಇರುತ್ತದೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಮತ್ತೆ ಒಂದಕ್ಕೆ. (ಇದೂ ಸುತ್ತೇ ತಾನೆ ಅಂತ ಕೇಳಿದಿರಾ? ಹುಡುಗನೂ ಕೇಳಿದ. ಈ ಸುತ್ತನ್ನು ಸ್ವಿಚ್ಚುಗಳೇ ತಿಳಿದು ನಿಭಾಯಿಸುತ್ತವೆ, ಕೂಗು ಇಲ್ಲಿ ಮರಿ ಹಾಕುವುದಿಲ್ಲ.) ಒಂದು ಕಡೆ ತುಂಡಾದರೆ ವೇಗ ಅರ್ಧ ಆಗಬಹುದು, ಸಂಪರ್ಕ ಹೋಗುವುದಿಲ್ಲ. ಸಿಸ್ಕೋದವರು 2003ರಲ್ಲಿ 3750 ಸರಣಿಯ ಜೊತೆ ಸ್ಟ್ಯಾಕ್‌ವೈಸ್ ಅಂತ ಇದನ್ನು ತಂದರು, ಒಂಬತ್ತು ಸ್ವಿಚ್ಚಿನವರೆಗೆ ಸೇರಿಸಬಹುದಿತ್ತು. ಜುನಿಪರ್‌ನವರದು ವರ್ಚುವಲ್ ಷಾಸಿ, ಎಚ್‌ಪಿಯವರದು ಐಆರ್‌ಎಫ್. ಹೆಸರು ಬೇರೆ, ಅಡಕಲು ಒಂದೇ.

ಮೂವರಲ್ಲಿ ಯಜಮಾನ ಯಾರು? ಅದಕ್ಕೆ ಚುನಾವಣೆ ನಡೆಯುತ್ತದೆ! ಸಿಸ್ಕೋ ಮಾದರಿಯಲ್ಲಿ ಪ್ರತಿ ಸ್ವಿಚ್ಚಿಗೂ 1ರಿಂದ 15ರವರೆಗೆ ಒಂದು ಆದ್ಯತೆ ಕೊಡಬಹುದು. ಹೆಚ್ಚು ಇದ್ದವನು ಯಜಮಾನ. ನಾವೇನೂ ಹೇಳದಿದ್ದರೆ ಎಲ್ಲರದೂ 1. ಆಗ ಮ್ಯಾಕ್ ವಿಳಾಸ ಯಾರದು ಚಿಕ್ಕದೋ ಅವನು ಗೆಲ್ಲುತ್ತಾನೆ. ಚಿಕ್ಕ ವಿಳಾಸ ಅಂದರೆ ಸಾಮಾನ್ಯವಾಗಿ ಹಳೆಯ ಡಬ್ಬಿ. ಅಂದರೆ ಸುಮ್ಮನೆ ಬಿಟ್ಟರೆ ಎಲ್ಲಕ್ಕಿಂತ ಮುದಿ ಸ್ವಿಚ್ಚೇ ಯಜಮಾನ ಆಗುವ ಸಂಭವ ಹೆಚ್ಚು. ಇನ್ನೊಂದು ತಮಾಷೆ, ಒಮ್ಮೆ ಕುರ್ಚಿ ಹಿಡಿದವನು ತನಗಿಂತ ಹೆಚ್ಚಿನ ಆದ್ಯತೆಯವನು ಆಮೇಲೆ ಬಂದರೂ ಬಿಟ್ಟುಕೊಡುವುದಿಲ್ಲ, ಎಲ್ಲ ಆರಿಸಿ ಮತ್ತೆ ಹಚ್ಚುವ ತನಕ. ಆಡಳಿತ ಮಂಡಳಿಯವರಿಗೆ ಇದನ್ನು ಹೇಳಿದಾಗ ಎಲ್ಲರೂ ಅಧ್ಯಕ್ಷರ ಮುಖ ನೋಡಿ ನಕ್ಕರು :-)

ಅದಕ್ಕೇ ಕೆಲಸದ ಕ್ರಮ ಮುಖ್ಯ. ಮೂರಕ್ಕೂ ಒಂದೇ ಆವೃತ್ತಿಯ ಸಾಫ್ಟ್‌ವೇರ್ ಹಾಕುವುದು. 15, 14, 13 ಅಂತ ಆದ್ಯತೆ ಕೊಟ್ಟು, ನಂಬರು ಕೊಟ್ಟು, ಆರಿಸುವುದು. ಆರಿಸಿದ ಮೇಲೆಯೇ ಸ್ಟ್ಯಾಕ್ ಕೇಬಲ್ ಜೋಡಿಸುವುದು. ಓಡುತ್ತಿರುವ ಎರಡು ಸ್ವಿಚ್ಚನ್ನು ಹಾಗೇ ಸೇರಿಸಿದರೆ ಇಬ್ಬರು ಯಜಮಾನರ ಜಗಳ, ಸೋತವನು ಮತ್ತೆ ಹುಟ್ಟಿ ಬರಬೇಕು. ಆಮೇಲೆ ಯಜಮಾನ ಆಗಬೇಕಾದವನಿಗೆ ಮೊದಲು ಕರೆಂಟು, ಸ್ವಲ್ಪ ಹೊತ್ತು ಬಿಟ್ಟು ಉಳಿದವರಿಗೆ.

ಸ್ಟ್ಯಾಕ್ ಕೇಬಲ್ ಬಹಳ ಗಿಡ್ಡ. ಅರ್ಧ ಮೀಟರ್, ಒಂದು ಮೀಟರ್, ಹೆಚ್ಚೆಂದರೆ ಮೂರು ಸಿಗುತ್ತದೆ. ಅಂತಸ್ತಿಗೊಂದು ಇಡಲು ಬರುವುದಿಲ್ಲ. ಮೂರೂ ಒಂದೇ ಕಪಾಟಿನಲ್ಲಿ, ಪ್ರತಿ ಮೇಜಿನಿಂದಲೂ ತಂತಿ ನೇರ ಅಲ್ಲಿಗೇ. ಸ್ವಿಚ್ಚಿನಿಂದ ಯಂತ್ರದವರೆಗೆ ಒಟ್ಟು 100 ಮೀಟರ್ ಮಿತಿ, ಅದರಲ್ಲಿ ಗೋಡೆಯೊಳಗಿನದು 90. ನಮ್ಮ ಕಟ್ಟಡಕ್ಕೆ ಧಾರಾಳ ಸಾಕು. ಮನೆಯಿಂದ ಮನೆಗೆ ಬಾಲ ಕಟ್ಟುವುದು ನಿಂತಿತು.

ಇದೇನು ಹೊಸ ವಿದ್ಯೆ ಅಂದುಕೊಳ್ಳಬೇಡಿ. ಆದಿಲ್‌ಶಾಹಿಗಳು ತೊರವಿಯಿಂದ, ಆಮೇಲೆ 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ನೆಲದ ಕೆಳಗೆ ಊರಿಗೆ ನೀರು ತಂದವರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಅನ್ನುವ ಕಲ್ಲಿನ ಗೋಪುರ ಕಟ್ಟಿದರು. ನೀರು ಅದರೊಳಗೆ ಮೇಲೇರಿ ಇಳಿದು ಮುಂದೆ ಹೋಗುತ್ತಿತ್ತು. ಒತ್ತಡ ಅಲ್ಲೇ ಮುರಿಯುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ, ಕೆಸರು ಕೆಳಗೆ ಕೂರುತ್ತಿತ್ತು. ಅವುಗಳಲ್ಲಿ ಕೆಲವು ಇವತ್ತಿಗೂ ಊರ ನಡುವೆ ನಿಂತಿವೆ, ನಾವು ನೋಡದೆ ಹಾದುಹೋಗುತ್ತೇವೆ. ಸ್ವಿಚ್ಚಿನಂತೆಯೇ!

ಶನಿವಾರ ಸಂಜೆ ಶುರುಮಾಡಿ ಭಾನುವಾರ ಮಧ್ಯಾಹ್ನ ಮುಗಿಸಿದೆವು. ಹಳೆಯ ಗೋಡೆ, ಕಲ್ಲು. ಒಂದು ತೂತಿಗೆ ಡ್ರಿಲ್ಲಿನ ಎರಡು ಬಿಟ್ ಹೋದವು. ಜಾಗದ ಆಯ್ಕೆಯೇ ದೊಡ್ಡ ಚರ್ಚೆ. ಮಾಳಿಗೆಯ ಕೆಳಗಿನ ಖೋಲಿ ಖಾಲಿ ಇತ್ತು, ಆದರೆ ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇಂಥ ಸ್ವಿಚ್ಚಿಗೆ ಸಾಮಾನ್ಯವಾಗಿ 45ರ ತನಕ ಅಂತ ಬರೆದಿರುತ್ತಾರೆ, ಅದೂ ಸುತ್ತಲಿನ ಗಾಳಿಯ ಲೆಕ್ಕ. ಬಿಸಿಲು ಬೀಳುವ ಮಾಳಿಗೆಯ ಕೆಳಗೆ ಮುಚ್ಚಿದ ಕಪಾಟಿನೊಳಗೆ ಅದು ಎಷ್ಟಾಗುತ್ತದೋ ನೀವೇ ಊಹಿಸಿ. ನಡು ಅಂತಸ್ತಿನ ಉತ್ತರದ ಖೋಲಿ ಕೇಳಿ ಪಡೆದೆವು. ಅರ್ಥಿಂಗ್ ಹೊಸದಾಗಿ ಹಾಕಿಸಿದೆವು. ಕರಿಮಣ್ಣಿನ ಧೂಳಿಗೆ ಕಪಾಟಿನ ಬಾಗಿಲಿಗೆ ಜಾಳಿಗೆ.

ಸಂರಚನೆಯಲ್ಲಿ ಎರಡು ವಿಷಯ ಮುಖ್ಯ. ಒಂದು, ಮೇಜಿನ ಬಾಯಿಗಳಲ್ಲಿ ಬಿಪಿಡಿಯು ಗಾರ್ಡ್ ಮತ್ತು ಸ್ಟಾರ್ಮ್ ಕಂಟ್ರೋಲ್. ಯಾರಾದರೂ ಲೂಪ್ ಮಾಡಿದರೆ ಆ ಬಾಯಿ ಮಾತ್ರ ಮುಚ್ಚಿಕೊಳ್ಳುತ್ತದೆ. ಎರಡು, ಹಂಚಿಕೆ. ಕ್ಯಾಷ್ ಕೌಂಟರ್ 1 ಮೊದಲ ಸ್ವಿಚ್ಚಿಗೆ, ಕೌಂಟರ್ 2 ಎರಡನೆಯದಕ್ಕೆ, 3 ಮೂರನೆಯದಕ್ಕೆ. ಸರ್ವರಿಗೆ ಎರಡು ತಂತಿ, ಒಂದು ಮೊದಲನೆಯದರಿಂದ, ಒಂದು ಮೂರನೆಯದರಿಂದ. ಎಲ್ಲ ಕೌಂಟರ್ ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಸ್ಟ್ಯಾಕ್ ಮಾಡಿ ಏನು ಬಂತು?

ಸೋಮವಾರಕ್ಕೆ ಮೊದಲು ಪರೀಕ್ಷೆ. ಯಜಮಾನ ಸ್ವಿಚ್ಚಿನ ಕರೆಂಟು ಕಿತ್ತೆವು. ಕೆಲವು ಪಿಂಗ್ ಹೋದವು, ಮತ್ತೆ ಬಂದವು, ಎರಡನೆಯವನು ಕುರ್ಚಿ ಏರಿದ್ದ. ಆಮೇಲೆ ಅದೇ ಒಂದು ಮೀಟರ್ ಕೇಬಲ್ ತರಿಸಿ ಎರಡೂ ತುದಿ ಚುಚ್ಚಿ ಲೂಪ್ ಮಾಡಿದೆವು. ಆ ಬಾಯಿಯ ಲೈಟು ಹಳದಿ ತಿರುಗಿ ಸುಮ್ಮನಾಯಿತು. ಉಳಿದವರಿಗೆ ಗೊತ್ತೂ ಆಗಲಿಲ್ಲ. ಲಾಗ್‌ನಲ್ಲಿ ಸಮಯ ಸಮೇತ ಒಂದು ಸಾಲು ಬಂತು. ಹುಡುಗ ಅದನ್ನು ಬಹಳ ಹೊತ್ತು ನೋಡಿದ. "ಇನ್ನ ನನ್ನ ಮ್ಯಾಲ ಹಾಕಿದ್ರ ಇದ ಸಾಕ್ಷಿ ಹೇಳತೈತ್ರಿ" ಅಂದ.

ಸ್ಟ್ಯಾಕ್‌ನಲ್ಲಿ ತೊಂದರೆಯೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಮೂರು ದೇಹ, ಒಂದೇ ಮಿದುಳು. ಸಾಫ್ಟ್‌ವೇರಿನಲ್ಲಿ ದೋಷ ಇದ್ದರೆ ಮೂರೂ ಒಟ್ಟಿಗೆ ಬೀಳಬಹುದು. ಹೊಸ ಆವೃತ್ತಿ ಹಾಕುವಾಗ ಇಡೀ ಅಡಕಲು ಆರಿ ಹತ್ತಬೇಕು, ರಜೆಯ ದಿನವೇ ಆಗಬೇಕು. ಹಾಳಾದ ಒಂದರ ಬದಲಿಗೆ ಅದೇ ಜಾತಿಯದೇ ಬೇಕು. ಇದೆಲ್ಲ ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ.

ನನಗೆ ಡಬ್ಬಿಗಿಂತ ದೊಡ್ಡದಾಗಿ ಕಂಡದ್ದು ಬೇರೆ. ನಾನು ಎರಡು ವಾರದಲ್ಲಿ ಬೆಂಗಳೂರಿಗೆ ಬರುವವಳು. ಕೆಟ್ಟರೆ ನೋಡುವವರು ಯಾರು? ಹೊರಗಿನ ಕಂಪನಿಯ ಕರಾರು ಬೇಡ, ಈ ಹುಡುಗನಿಗೇ ವರ್ಷದ ಕರಾರು ಕೊಡಿ ಅಂದೆ. ಕನ್ಸೋಲ್ ಕೇಬಲ್ ಹಾಕಿ ಒಳಗೆ ಹೋಗುವುದು, ಸ್ಟ್ಯಾಕ್ ಸ್ಥಿತಿ ನೋಡುವುದು, ಮುಚ್ಚಿದ ಬಾಯಿ ತೆರೆಯುವುದು, ಸಂರಚನೆಯ ಪ್ರತಿ ಎತ್ತಿಡುವುದು, ಎಲ್ಲ ಕಲಿಸಿದೆ. ಅವನು 200 ಪುಟದ ಪಟ್ಟಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡ. ಬಾಯಿಗಳ ಮೇಲೂ ಕನ್ನಡದಲ್ಲೇ ಚೀಟಿ: 'ಕ್ಯಾಷ್ 2', 'ಸಾಲ ವಿಭಾಗ ಕಿಟಕಿ ಕಡೆ', 'ಹಾಲ್ ಮೂಲೆ'. ಕಸ ಗುಡಿಸುವ ಅವ್ವನ ಮೊಮ್ಮಗಳೂ ಓದಬಹುದು. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಅವನು ನನಗೆ 'ಎರಡನೇ ಗಡಿಗಿ, ಹದಿನಾಲ್ಕನೇ ಬಾಯಿ' ಅಂದರೆ ಸಾಕು, ಇಬ್ಬರಿಗೂ ಗೊತ್ತಾಗುತ್ತದೆ.

2017ರ ಬಜೆಟ್ಟಿನಲ್ಲಿ ತಿಕೋಟಾ, ಬಬಲೇಶ್ವರ ಎರಡನ್ನೂ ತಾಲ್ಲೂಕು ಅಂತ ಘೋಷಿಸಿದರು. ಹೊಸ ತಾಲ್ಲೂಕು ಅಂದರೆ ಹೊಸ ಕಚೇರಿಗಳು, ಹೊಸ ಬ್ಯಾಂಕು, ಹೊಸ ತಂತಿಗಳು. ಅವನ್ನೆಲ್ಲ ಎಳೆಯುವವರು ಇಂಥ ಹುಡುಗರೇ. ಕೈಯಲ್ಲಿ ವಿದ್ಯೆ ಇದೆ. ಇಲ್ಲದಿರುವುದು ಅವರ ಭಾಷೆಯಲ್ಲಿ ಒಂದು ಪುಸ್ತಕ, ಮತ್ತು ತಪ್ಪು ಅವರದಲ್ಲ ಅಂತ ತೋರಿಸುವ ಒಂದು ಲಾಗ್.

ಅವನ ಪಟ್ಟಿ ಪುಸ್ತಕವನ್ನು ಅವನ ಒಪ್ಪಿಗೆ ಪಡೆದು ಟೈಪ್ ಮಾಡುತ್ತಿದ್ದೇನೆ. ಸ್ಟ್ಯಾಕ್‌ಗೆ ಅಡಕಲು ಸಿಕ್ಕಿತು, ಪೋರ್ಟ್‌ಗೆ ಬಾಯಿ ಸಿಕ್ಕಿತು. ಬ್ರಾಡ್‌ಕಾಸ್ಟ್‌ಗೆ ಅವನು 'ಡಂಗುರ' ಅಂತ ಬರೆದಿದ್ದಾನೆ, ನನಗೆ ತುಂಬಾ ಇಷ್ಟವಾಯಿತು. ಲೂಪ್‌ಗೆ ಮಾತ್ರ ಇನ್ನೂ ಒಳ್ಳೆಯ ಶಬ್ದ ಸಿಕ್ಕಿಲ್ಲ. ಸುತ್ತು ಅಂದರೆ ಸಪ್ಪೆ. ನಿಮ್ಮ ಊರ ಕಡೆ ಏನಂತಾರೆ? ಕಾಮೆಂಟಿನಲ್ಲಿ ತಿಳಿಸಿ, ಪಟ್ಟಿ ಪುಸ್ತಕಕ್ಕೆ ಸೇರಿಸುತ್ತೇನೆ.